ಗುಬ್ಬಿಯ ಎಡಗಿವಿ

"ಕನ್ನಡಕ ಒರೆಸೋ ಕೈಗೆ ಪೆನ್ನು ಕೊಟ್ಟೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದರು ಮೇಷ್ಟ್ರು, ಹನ್ನೆರಡು ಜನರ ಮುಂದೆ.

ಹನ್ನೆರಡು ಜನರೂ ನಕ್ಕರು. ನಗದಿದ್ದರೆ ಮುಂದಿನ ಸರದಿ ತಮ್ಮದೆಂದು ಎಲ್ಲರಿಗೂ ಗೊತ್ತಿತ್ತು.

ಎದುರಿನ ಗೋಡೆಯ ಮೇಲೆ ಬಾಗಿಲಿನಷ್ಟು ಎತ್ತರಕ್ಕೆ ಆರು ವರ್ಷದ ಹುಡುಗಿಯೊಬ್ಬಳ ತಲೆ ನಿಂತಿತ್ತು. ಮೈಬಣ್ಣ ಇನ್ನೂ ಬಂದಿರಲಿಲ್ಲ. ಹಸಿ ಜೇಡಿಮಣ್ಣಿನ ಬೂದು. ಕುಂಬಳಕಾಯಿಯಂಥ ತಲೆ, ಅದನ್ನು ಹೊರಲು ಹೂವಿನ ತೊಟ್ಟಿನಂಥ ಕತ್ತು, ಬಟಾಣಿ ಕಾಳಿನಂಥ ಮೂಗು, ಅರ್ಧ ಮುಖವನ್ನೇ ನುಂಗಿದ ಕಣ್ಣುಗಳು, ಅವುಗಳ ಮೇಲೊಂದು ದುಂಡು ಕನ್ನಡಕ. ಹುಡುಗಿಯ ಹೆಸರು ಗುಬ್ಬಿ. ಕನ್ನಡಕ ಕಳೆದುಕೊಂಡ ಮಗುವೊಂದು ಇಡೀ ದಿನ ಅದನ್ನು ಹುಡುಕುತ್ತ ಬೀದಿ ಬೀದಿ ಅಲೆಯುವ ಕಾರ್ಟೂನ್ ಸಿನಿಮಾಕ್ಕೆ ಅವಳೇ ನಾಯಕಿ. ಅವಳನ್ನು ಕಂಪ್ಯೂಟರಿನೊಳಗಿನ ಮಣ್ಣಿನಲ್ಲಿ ಮೂರು ವಾರ ತಿದ್ದಿ ತೀಡಿದವನು ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ನಿಂತಿದ್ದ. ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಚಾಳೀಸು ಎಂದು. ಇಲ್ಲಿಗೆ ಬರುವ ಮೊದಲು ಎಂಟು ವರ್ಷ ಸೋದರಮಾವನ ಕನ್ನಡಕದ ಅಂಗಡಿಯಲ್ಲಿ ದುಡಿದವನಿಗೆ ಇನ್ನೇನು ಹೆಸರು ಬೀಳುತ್ತದೆ!

ಮೇಷ್ಟ್ರು ಎದ್ದು ಗೋಡೆಯ ಹತ್ತಿರ ಹೋದರು. ಹಿಂದೆ ಎಲ್ಲೋ ಚಿತ್ರಕಲೆ ಪಾಠ ಮಾಡುತ್ತಿದ್ದವರು, ಈಗ ಸ್ಟುಡಿಯೋದ ಪಾತ್ರಗಳೆಲ್ಲ ಅವರ ಕೈಕೆಳಗೆ. ಜಾರುತ್ತಿದ್ದ ತಮ್ಮ ಕನ್ನಡಕವನ್ನು ತೋರುಬೆರಳಿನಿಂದ ಮೇಲೆ ತಳ್ಳಿಕೊಂಡು, ತಲೆಯನ್ನು ಬಲಕ್ಕೆ ವಾಲಿಸಿ, ಗುಬ್ಬಿಯ ಎರಡು ಕಿವಿಗಳ ಕೆಳಗೆ ಒಂದು ಕೆಂಪು ಗೆರೆ ಎಳೆದರು.

"ನೋಡ್ರಪ್ಪ. ಬಲಗಿವಿ ಮಹಡಿ ಮೇಲೆ, ಎಡಗಿವಿ ನೆಲಮಾಳಿಗೇಲಿ. ಮಧ್ಯದಲ್ಲಿ ಲಿಫ್ಟ್ ಹಾಕ್ಸೋಣ್ವಾ?"

ಮತ್ತೆ ನಗು.

"ಬೇಕಂತಲೇ ಮಾಡಿದ್ದು ಸಾರ್," ಎಂದ ಚಾಳೀಸು.

"ಬೇಕಂತ ಮಾಡಿದ್ಯಾ? ಹಂಗಾದ್ರೆ ಇನ್ನೂ ದೊಡ್ಡ ತಪ್ಪು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟೋನು ನೀನು, ಗೆರೆ ಎಳೆಯೋ ಪಾಠ ಬರೋ ಹೊತ್ತಿಗೆ ಬೆಂಚು ಖಾಲಿ. ಕನ್ನಡಕದ ಹುಡುಗಿ, ಕನ್ನಡಕದ ಹುಡುಗ, ಜೋಡಿ ಚೆನ್ನಾಗಿರುತ್ತೆ ಅಂತ ಕೊಟ್ಟೆ. ಗುರುವಾರ ಡೈರೆಕ್ಟರ್ ಮೇಡಂ ಬರ್ತಾರೆ. ಅಷ್ಟರಲ್ಲಿ ಕನ್ನಡಿ ಹಾಕಿ ಸರಿ ಮಾಡು. ಇಲ್ಲಾಂದ್ರೆ ಮತ್ತೆ ಕುರ್ಚಿ ಮೇಜು ಮಾಡ್ಕೊಂಡು ಇರು."

ಕುರ್ಚಿ ಮೇಜು ಎಂಬ ಮಾತು ಉಳಿದೆಲ್ಲಕ್ಕಿಂತ ಆಳಕ್ಕೆ ಇಳಿಯಿತು. ಎರಡು ವರ್ಷ ಅವನು ಮಾಡಿದ್ದು ಅದನ್ನೇ: ಬೇರೆಯವರ ಪಾತ್ರಗಳು ಕೂರುವುದಕ್ಕೆ ಕುರ್ಚಿ, ಒದೆಯುವುದಕ್ಕೆ ಬಕೆಟ್ಟು, ಡಿಕ್ಕಿ ಹೊಡೆಯುವುದಕ್ಕೆ ಕಂಬ. ನಾನೂರ ಚಿಲ್ಲರೆ ಸಾಮಾನು. ಯಾರೂ ಅವುಗಳ ಕಡೆ ತಿರುಗಿ ನೋಡಿದವರಲ್ಲ. ಗುಬ್ಬಿ ಅವನಿಗೆ ಸಿಕ್ಕ ಮೊದಲನೇ ಮುಖ.

ಮೈಯೆಲ್ಲ ಉರಿದುಹೋಯಿತು. ಆದರೂ ಅವನ ಕಣ್ಣು ಹೋಗಿ ನಿಂತದ್ದು ಮೇಷ್ಟ್ರ ಕನ್ನಡಕದ ಮೇಲೆ. ಅದರ ಎಡಗಡೆಯ ಕಡ್ಡಿ ಸೊಟ್ಟಗಾಗಿ ಎಡಗಾಜು ಕೆನ್ನೆಗೆ ತಾಗುವಷ್ಟು ಕೆಳಗಿತ್ತು. ಸೇರಿದ ಮೊದಲ ದಿನವೇ ಅದನ್ನು ಕಂಡಿದ್ದ. ದಿನಕ್ಕೆ ನೂರು ಸಲ ಅವರು ಅದನ್ನು ಮೇಲೆ ತಳ್ಳುತ್ತಿದ್ದರು, ಮಧ್ಯಾಹ್ನವಾದರೆ ಹಣೆಗೆ ನೋವಿನ ಮುಲಾಮು ತಿಕ್ಕಿಕೊಳ್ಳುತ್ತಿದ್ದರು. ಎರಡು ನಿಮಿಷದ ಕೆಲಸ. ಆದರೆ ದೊಡ್ಡವರ ಮುಖಕ್ಕೆ ಕೈ ಹಾಕುವುದು ಹೇಗೆ?

ಕನ್ನಡಿ ಎಂದರೆ ಆ ಕಸುಬಿನವರೆಲ್ಲ ಒತ್ತುವ ಒಂದು ಗುಂಡಿ. ಅದನ್ನು ಹಾಕಿಕೊಂಡು ಎಡಗೆನ್ನೆಯ ಮೇಲೆ ಪೆನ್ನು ಓಡಿಸಿದರೆ ಬಲಗೆನ್ನೆಯ ಮೇಲೆ ಇನ್ನೊಂದು ಕೆಂಪು ಚುಕ್ಕಿ ತಾನಾಗಿ ಓಡುತ್ತದೆ. ಅರ್ಧ ಮುಖ ಮಾಡಿದರೆ ಇನ್ನರ್ಧ ಪುಕ್ಕಟೆ. ಚಾಳೀಸುವೂ ಮೂರು ವಾರ ಹಾಗೇ ಮಾಡಿದ್ದ. ಕೊನೆಯ ದಿನ ಗುಬ್ಬಿಯ ಮುಖದ ಮೇಲೆ ಕನ್ನಡಕ ಕೂರಿಸಿದಾಗ ಅದು ಎಷ್ಟು ನೆಟ್ಟಗೆ ಕೂತಿತೆಂದರೆ, ಮಾವನ ಅಂಗಡಿಯ ಗಾಜಿನ ಬೀರುವಿನಲ್ಲಿದ್ದ ಪ್ಲಾಸ್ಟಿಕ್ ತಲೆ ಅವನಿಗೆ ನೆನಪಾಯಿತು. ಜೀವ ಇರುವ ಯಾವ ತಲೆಯ ಮೇಲೂ ಕನ್ನಡಕ ಹಾಗೆ ಕೂರುವುದಿಲ್ಲ. ಕನ್ನಡಿಯನ್ನು ಆರಿಸಿದ. ಗುಬ್ಬಿಯ ಎಡಗಿವಿಯನ್ನು ಹಿಡಿದು ಒಂದಿಷ್ಟು ಕೆಳಗೆ ಎಳೆದ. ಕನ್ನಡಕ ಓರೆಯಾಯಿತು. ಅವನಿಗೆ ಸಮಾಧಾನವಾಯಿತು.

ಹನ್ನೆರಡು ಜನ ನಕ್ಕದ್ದು ಆ ಸಮಾಧಾನಕ್ಕೆ.

"ಮುಖ ಯಾಕೋ ಹಂಗೆ ಊದಿಸ್ಕೊಂಡಿದೀಯ?" ಎಂದಳು ಕೀಲಕ್ಕ, ತನ್ನ ಜಾಗಕ್ಕೆ ಹೋಗುವಾಗ. ಮಣ್ಣಿನ ತಲೆ ಕೈಗೆ ಬಂದ ಮೇಲೆ ಅದರೊಳಗೆ ಮೂಳೆ, ಕೀಲು ಕೂರಿಸಿ ಅದು ಆಡುವ ಹಾಗೆ ಮಾಡುವವಳು ಅವಳು. "ನನ್ನ ಕೇಳಿದ್ರೆ ನಾನೂ ಕನ್ನಡಿ ಪಾರ್ಟೀನೇ. ಒಂದು ಕಡೆ ಕೀಲು ಹಾಕಿ ಇನ್ನೊಂದು ಕಡೆಗೆ ಮಗುಚಿಬಿಡ್ತೀನಿ. ಸೊಟ್ಟ ಮುಖ ಕೊಟ್ರೆ ಎರಡೂ ಕಡೆ ನಾನೇ ಸಾಯಬೇಕು."

"ನೀನೂ ಅವರ ಕಡೆನೇನಾ ಅಕ್ಕಾ?"

"ನಾನು ನನ್ನ ಬೆನ್ನುನೋವಿನ ಕಡೆ ಕಣಪ್ಪ."

ಅವನು ಅವಳಿಗೆ ಬೆನ್ನು ತಿರುಗಿಸಿದ. ಸ್ಟುಡಿಯೋದ ಮೂಲೆಯಲ್ಲಿ ಅಚ್ಚು ತೆಗೆಯುವ ಯಂತ್ರವಿತ್ತು. ಪರದೆಯ ಮೇಲಿನದನ್ನು ಕೈಗೆ ಸಿಗುವ ಹಾಗೆ ರಾಳದಲ್ಲಿ ಪದರ ಪದರವಾಗಿ ಕಟ್ಟಿಕೊಡುವಂಥದು. ಅದರಲ್ಲಿ ಎರಡು ತಲೆ ತೆಗೆದ, ಒಂದೊಂದೂ ಮುಷ್ಟಿಯಷ್ಟು ದೊಡ್ಡದು. ಒಂದು ಕನ್ನಡಿಯ ಗುಬ್ಬಿ, ಇನ್ನೊಂದು ಕಿವಿ ಇಳಿದ ಗುಬ್ಬಿ. ಮಂಗಳವಾರ ಊಟದ ಬಿಡುವಿನಲ್ಲಿ ಅವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಎರಡು ವರ್ಷದಿಂದ ಕಾಲಿಡದಿದ್ದ ಮಾವನ ಅಂಗಡಿಯ ಮೆಟ್ಟಿಲು ಹತ್ತಿದ.

ಅಂಗಡಿ ಹಾಗೇ ಇತ್ತು. ಎರಡು ಆಳು ಎದುರಾದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ಕಿರಿದು. ಎರಡೂ ಗೋಡೆಗೆ ಕನ್ನಡಿ, ಮೇಜಿನ ಮೇಲೆ ಫ್ರೇಮು ಕಾಯಿಸುವ ಬಿಸಿಮರಳಿನ ಬಟ್ಟಲು, ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರುಗಳ ಸಾಲು. ಮಾವ ಒಬ್ಬ ಅಜ್ಜಿಗೆ ಕನ್ನಡಕ ಕೂರಿಸುತ್ತಿದ್ದ. ಅವನು ಎಂದೂ ಗಿರಾಕಿಯ ಕಿವಿಯನ್ನು ನೋಡಿದವನಲ್ಲ. ಎರಡು ಕೈಯ ಬೆರಳುಗಳನ್ನು ಕಿವಿಯ ಹಿಂದೆ ಇಟ್ಟು, ಕಣ್ಣು ಮುಚ್ಚಿ, ಒಂದು ಗಳಿಗೆ ಸುಮ್ಮನಿರುತ್ತಿದ್ದ. ಆಮೇಲೆ ಕಡ್ಡಿಯನ್ನು ಮರಳಿನಲ್ಲಿ ಹೂತು, ತೆಗೆದು, ಒಂದೇ ಸಲ ಬಗ್ಗಿಸುತ್ತಿದ್ದ. ಎರಡನೇ ಸಲ ಬಗ್ಗಿಸಿದ್ದನ್ನು ಚಾಳೀಸು ಕಂಡಿರಲಿಲ್ಲ.

ಅಜ್ಜಿ ಹೋದ ಮೇಲೆ ಮಾವ ತಲೆ ಎತ್ತಿದ.

"ಓ, ದೊಡ್ಡ ಮನುಷ್ಯರು! ದಾರಿ ತಪ್ಪಿತಾ?"

"ಇಲ್ಲ ಮಾವ. ಸುಮ್ಮನೆ."

"ಸುಮ್ಮನೆ ಬರೋನಾಗಿದ್ರೆ ಎರಡು ವರ್ಷದಲ್ಲಿ ಒಂದ್ಸಲನಾದ್ರೂ ಬರ್ತಿದ್ದೆ. ಬೊಂಬೆ ಮಾಡೋ ಕೆಲಸ ಹೆಂಗಿದೆ? ನಿಮ್ಮತ್ತೆ ಬಂದೋರಿಗೆಲ್ಲ ಹೇಳ್ತಾಳೆ, ನಮ್ಮ ಹುಡುಗ ಸಿನಿಮಾದಲ್ಲಿದಾನೆ ಅಂತ. ಯಾವ ಪಾರ್ಟು ಅಂತ ಕೇಳಿದ್ರೆ ಕುರ್ಚಿ ಅಂತೀನಿ ನಾನು."

ಬೇರೆ ದಿನವಾಗಿದ್ದರೆ ನಗುತ್ತಿದ್ದನೇನೋ. ಅವನು ಕರವಸ್ತ್ರ ಬಿಚ್ಚಿ ಎರಡು ತಲೆಗಳನ್ನೂ ಮೇಜಿನ ಮೇಲಿಟ್ಟು, ನಡೆದದ್ದನ್ನು ಹೇಳಿದ. ಕನ್ನಡಕ ಒರೆಸುವ ಕೈ ಎಂಬ ಮಾತನ್ನೂ ಬಿಡದೆ ಹೇಳಿದ. ಆ ಮಾತು ಬಿದ್ದದ್ದು ತನಗೊಬ್ಬನಿಗೇ ಅಲ್ಲ, ಈ ಮರಳಿನ ಬಟ್ಟಲಿಗೂ ಬಿದ್ದಿದೆ ಎಂದು ಮಾವನಿಗೆ ತಿಳಿಯಲಿ ಎಂಬುದು ಅವನ ಆಸೆ. ಮಾವ ಕೆರಳಲಿ. ಯಾರವನು ಅನ್ನಲಿ. ಒಂದು ಸಲ ತನ್ನ ಪರವಾಗಿ ನಿಲ್ಲಲಿ.

ಮಾವ ಮೊದಲನೇ ತಲೆ ತೆಗೆದುಕೊಂಡು ಕಣ್ಣು ಮುಚ್ಚಿದ. ಬೆರಳು ಕಿವಿಯ ಹಿಂದೆ ಹೋಗಿ ತಕ್ಷಣ ವಾಪಸು ಬಂದವು.

"ಇದು ಶೋಕೇಸಿಂದು," ಎಂದು ಪಕ್ಕಕ್ಕಿಟ್ಟ.

"ಅದನ್ನೇ ನಾನೂ ಹೇಳಿದ್ದು!"

"ಸುಮ್ನಿರು."

ಎರಡನೇ ತಲೆಯನ್ನು ಬಹಳ ಹೊತ್ತು ಹಿಡಿದಿದ್ದ. ಬೆರಳು ಕಿವಿಯಿಂದ ದವಡೆಗೆ ಇಳಿದವು, ದವಡೆಯಿಂದ ಕೆನ್ನೆಯ ಮೂಳೆಗೆ, ಅಲ್ಲಿಂದ ಮೂಗಿನ ದಿಂಡಿಗೆ. ಹೊರಗೆ ಬಸ್ಸೊಂದು ನಿಂತು ಹೊರಟಿತು.

"ಇದು ಸುಳ್ಳು," ಎಂದ ಮಾವ.

"ಏನು?"

"ಸುಳ್ಳು ಕಣೋ. ಮೊದಲನೇದು ಸತ್ತಿದೆ, ಆದ್ರೆ ಸುಳ್ಳು ಹೇಳ್ತಿಲ್ಲ. ಇದು ಹೇಳ್ತಿದೆ. ಕಿವಿ ಒಂದೇ ಇಳಿದಿದೆ. ದವಡೆ ಹಂಗೇ ಇದೆ, ಕೆನ್ನೆ ಹಂಗೇ ಇದೆ, ಮೂಗು ಅಲ್ಲಾಡಿಲ್ಲ. ಯಾರೋ ಕಿವಿ ಹಿಂಡಿ ಎಳೆದು ಬಿಟ್ಟಂಗಿದೆ. ಯಾರ ಮೇಲಿನ ಸಿಟ್ಟು ಇದು?"

ಚಾಳೀಸು ಮೊದಲನೇ ತಲೆಯನ್ನು ಕರವಸ್ತ್ರದ ಮೇಲೆ ಎಳೆದುಕೊಂಡ.

"ನಿನ್ನ ಮೇಷ್ಟ್ರು ಬೈದಿದ್ದು ಸರಿ. ಆಡಿದ ಮಾತು ಹೊಲಸು. ಆದ್ರೆ ಬೈದಿದ್ದು ಸರಿ."

ತಲೆಯೊಳಗೆ ಏನೋ ಸಿಡಿದಂತಾಯಿತು. ಎರಡೂ ತಲೆಗಳನ್ನು ಬಾಚಿಕೊಂಡು ಎದ್ದ. ಎಂಟು ವರ್ಷ ಈ ಮನುಷ್ಯನ ಬಾಯಿಂದ ಒಂದು ಒಳ್ಳೆಯ ಮಾತು ಉದುರಿರಲಿಲ್ಲ, ಇವತ್ತು ಉದುರುತ್ತದೆ ಎಂದುಕೊಂಡು ಬಂದ ತಾನೇ ಮುಠ್ಠಾಳ! ಆದರೆ ಮಾವ ಅವನ ಮಣಿಕಟ್ಟು ಹಿಡಿದ. ಹಿಡಿದು, ಅವನ ಎರಡು ಅಂಗೈಗಳನ್ನೂ ತನ್ನ ಸ್ವಂತ ತಲೆಯ ಎರಡು ಬದಿಗೆ ಒತ್ತಿಕೊಂಡ.

"ನೋಡು."

ಸಾವಿರಾರು ತಲೆ ಮುಟ್ಟಿದ್ದ ಚಾಳೀಸು ಮಾವನ ತಲೆಯನ್ನು ಎಂದೂ ಮುಟ್ಟಿರಲಿಲ್ಲ. ನರೆಗೂದಲು ತೆಳ್ಳಗಿತ್ತು. ಎಡಗಿವಿಯ ಹಿಂದಿನ ಮೂಳೆ ತಗ್ಗು. ಬಲದವಡೆಯಲ್ಲಿ ಗಟ್ಟಿ ಮಾಂಸದ ಉಂಡೆ.

"ಎಡಗಡೆ ಹಲ್ಲು ಹೋಗಿ ಹದಿನೈದು ವರ್ಷ. ಬಲಗಡೆನೇ ಅಗಿಯೋದು. ಅದಕ್ಕೇ ಅಲ್ಲಿ ದಪ್ಪ. ದಪ್ಪ ಆದ ಕಡೆಗೆ ಮೂಗು ಒಂದು ಕೂದಲೆಳೆ ವಾಲಿದೆ, ಕತ್ತು ಈ ಕಡೆ ತಿರುಗಿದೆ, ಭುಜ ಮೇಲೆ ಬಂದಿದೆ. ಕಿವಿ ಒಂದೇ ಯಾವತ್ತೂ ಇಳಿಯಲ್ಲ. ಯಾವ ಮಗ್ಗುಲಿಗೆ ಮಲಗ್ತಾನೆ, ಯಾವ ಕಡೆ ಅಗೀತಾನೆ, ಅವನಮ್ಮ ಅವನನ್ನ ಯಾವ ಸೊಂಟದ ಮೇಲೆ ಎತ್ಕೊಂಡಿದ್ಲು, ಎಲ್ಲ ಸೇರಿ ಇಳಿಸುತ್ತೆ. ನಿನ್ನ ಈ ಹುಡುಗಿ ಯಾವ ಕಡೆ ಮಲಗ್ತಾಳೆ?"

"ಗೊತ್ತಿಲ್ಲ."

"ಯಾವ ಕಣ್ಣು ವೀಕು?"

"...ಗೊತ್ತಿಲ್ಲ."

"ಗೊತ್ತಿಲ್ದೇ ಇರೋ ಹುಡುಗಿ ಕಿವಿ ಎಳೆಯೋಕೆ ಹೋದ್ಯಾ?" ಮಾವ ಅವನ ಕೈ ಬಿಟ್ಟ. ಮುಂದಿನ ಗಿರಾಕಿ ಬಾಗಿಲಲ್ಲಿ ನಿಂತಿದ್ದ. "ಹೋಗು. ಊಟ ಮಾಡಿಲ್ಲ ನೀನು, ಮುಖದಲ್ಲೇ ಕಾಣುತ್ತೆ."

ದಾರಿಯುದ್ದಕ್ಕೂ ಮಾವನನ್ನು ಬೈದ. ಮೇಷ್ಟ್ರನ್ನು ಬೈದ. ಸಿಗ್ನಲ್ಲಿನಲ್ಲಿ ಅಡ್ಡ ಬಂದ ಸೈಕಲ್ಲಿನವನನ್ನೂ ಬೈದ. ಸ್ಟುಡಿಯೋದ ಮೆಟ್ಟಿಲು ಹತ್ತುವ ಹೊತ್ತಿಗೆ ಬೈಗುಳ ತೀರಿತ್ತು. ಉಳಿದದ್ದು ಒಂದು ಪ್ರಶ್ನೆ: ಇವಳು ಯಾವ ಕಡೆ ಮಲಗುತ್ತಾಳೆ?

ಮೂರು ವಾರದ ಗುಬ್ಬಿಯನ್ನು ಪಕ್ಕಕ್ಕಿಟ್ಟು ಹೊಸದಾಗಿ ಒಂದು ಮಣ್ಣಿನ ಗುಂಡು ತೆರೆದ. ಕನ್ನಡಿ ಆರಿಸಿದ. ಆಕಾರವೆಲ್ಲ ಕೈಗೆ ಬಾಯಿಪಾಠವಾಗಿದ್ದರಿಂದ ಕುಂಬಳಕಾಯಿ ತಲೆ, ಬಟಾಣಿ ಮೂಗು ಬೇಗ ಬಂದವು. ಆಮೇಲಿನದಕ್ಕೆ ಹೊತ್ತು ಹಿಡಿಯಿತು. ಎಡಗಣ್ಣು ವೀಕು ಎಂದು ತೀರ್ಮಾನಿಸಿದ. ಹಾಗಿದ್ದರೆ ಒಳ್ಳೆಯ ಕಣ್ಣನ್ನು ಮುಂದೆ ತರಲು ಮುಖವನ್ನು ಸದಾ ಒಂದಿಷ್ಟು ಎಡಕ್ಕೆ ತಿರುಗಿಸಿರುತ್ತಾಳೆ. ಹಾಗೆ ತಿರುಗಿಸಿ ತಿರುಗಿಸಿ ಕತ್ತಿನ ಒಂದು ನರ ಎದ್ದಿರುತ್ತದೆ, ಬಲಭುಜ ತುಸು ಮುಂದಿರುತ್ತದೆ. ಎಡ ಮಗ್ಗುಲಿಗೆ ಮಲಗುತ್ತಾಳೆ, ಕೆನ್ನೆಯ ಕೆಳಗೆ ಕೈ ಇಟ್ಟುಕೊಂಡು. ಆ ಕೆನ್ನೆ ಚಪ್ಪಟೆ, ಆ ಕಡೆಯ ಕಿವಿ ತಗ್ಗು. ಒಂದೊಂದನ್ನೂ ಎರಡು ಸಲ ಮಾಡಬೇಕಿತ್ತು, ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಎರಡೂ ಬೇರೆ ಬೇರೆ. ಪುಕ್ಕಟೆಯಾಗಿ ಏನೂ ಬರಲಿಲ್ಲ. ನಡುನಡುವೆ ಕಣ್ಣು ಮುಚ್ಚಿ ತನ್ನದೇ ತಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದ.

ಬುಧವಾರ ಮಧ್ಯಾಹ್ನ ಕೀಲಕ್ಕ ಹಿಂದಿನಿಂದ ಬಂದಳು.

"ತಲೆನೋವೇನೋ? ಮೇಷ್ಟ್ರ ಹತ್ರ ಮುಲಾಮಿದೆ, ಇಸ್ಕೊಂಡು ಬರ್ಲಾ?" ಎಂದವಳು ಪರದೆ ನೋಡಿದಳು. "ಅಯ್ಯೋ, ಚುಕ್ಕಿ ಒಂದೇ ಓಡ್ತಿದೆ. ಕನ್ನಡಿ ಆಫ್ ಆಗಿದೆ ಕಣೋ!"

"ನಾನೇ ಆಫ್ ಮಾಡಿರೋದು."

"ಎಲ್ಲಾದಕ್ಕೂನಾ? ಮೊದಲಿಂದ?"

ಹೌದೆಂದು ಗೋಣು ಆಡಿಸಿದ. ಕೀಲಕ್ಕ ಏನೋ ತಮಾಷೆ ಮಾಡಲು ಬಾಯಿ ತೆರೆದು ಹಾಗೇ ನಿಂತಳು. ಅವನು ಆಗ ತಾನೇ ಕನ್ನಡಕವನ್ನು ತಂದು ಗುಬ್ಬಿಯ ಮುಖದ ಮೇಲೆ ಇಡುತ್ತಿದ್ದ. ಅದು ಮೂಗಿನ ಮೇಲೆ ಒಂದಿಷ್ಟು ಜಾರಿ, ತಗ್ಗಿನ ಕಿವಿಯ ಕಡೆ ತೂಗಿ, ನಿಂತಿತು. ಓರೆಯೇ. ಆದರೆ ಇಡೀ ಮುಖ ಆ ಓರೆಯನ್ನು ಮೊದಲೇ ಬಲ್ಲದು, ಅದನ್ನು ಹೊತ್ತುಕೊಂಡೇ ಬೆಳೆದದ್ದು. ಈಗ ತಾನೇ ಕನ್ನಡಕ ಮೇಲೆ ತಳ್ಳಿಕೊಂಡು ಯಾರನ್ನೋ ಏನೋ ಕೇಳಲು ತಿರುಗಿದ ಮಗುವಿನ ಹಾಗಿತ್ತು.

ಕೀಲಕ್ಕ ಕುರ್ಚಿ ಎಳೆದುಕೊಂಡು ಕೂತಳು. ಅವಳ ಟೀ ಆರಿಹೋಯಿತು.

"ಥೂ ನಿನ್ನ," ಎಂದಳು ಕೊನೆಗೆ. "ನನ್ನ ಬೆನ್ನು ಮುರಿದೇ ಬಿಟ್ಟೆ. ಕೊಡು, ಬೈಕೊಂಡು ಮಾಡ್ತೀನಿ."

ಆ ಸಂಜೆ ಅವನು ಹೊಸ ಗುಬ್ಬಿಯದ್ದೂ ಒಂದು ಅಚ್ಚು ತೆಗೆದ.

ಗುರುವಾರ ಮೇಡಂ ಬಂದರು. ಗುಬ್ಬಿಯ ಕಥೆ ಅವರದ್ದೇ, ಸಿನಿಮಾ ಮಾಡುತ್ತಿರುವವರೂ ಅವರೇ. ಜೊತೆಗೆ ಗುಬ್ಬಿಯ ಬೊಂಬೆ ಮಾಡಿ ಅಂಗಡಿಗಳಿಗೆ ಹಂಚಲಿರುವ ಆಟಿಕೆ ಕಂಪನಿಯವರು. ಸೋಮವಾರದ ಅದೇ ಹನ್ನೆರಡು ಜನ, ಅದೇ ಗೋಡೆ. ಚಾಳೀಸು ಹಿಂದಿನ ಸಾಲಿನಲ್ಲಿ ಅದೇ ಜಾಗದಲ್ಲಿ ನಿಂತಿದ್ದ. ಮುಂದಿನ ಮೇಜಿನ ಮೇಲೆ ಹೊಸ ಅಚ್ಚು ಇತ್ತು.

ಮೇಷ್ಟ್ರು ತಾವೇ ಕನ್ನಡಿಯ ಗುಂಡಿ ಒತ್ತಿ ಸರಿಮಾಡಿದ್ದ ಹಳೆಯ ಗುಬ್ಬಿಯನ್ನು ಗೋಡೆಗೆ ತಂದರು. ಎಲ್ಲರೂ ಚೆನ್ನಾಗಿದೆ ಎಂದರು. ಚೆನ್ನಾಗಿಯೇ ಇತ್ತು.

"ಇನ್ನೊಂದೂ ಇದೆಯಲ್ಲ ಸಾರ್, ಅದನ್ನೂ ತೋರಿಸಿ," ಎಂದಳು ಕೀಲಕ್ಕ.

"ಹುಡುಗ ಹಠ ಹಿಡಿದು ಮಾಡಿದ್ದು," ಎಂದರು ಮೇಷ್ಟ್ರು ಮೇಡಂ ಕಡೆ ನಕ್ಕು, ಎರಡನೆಯದನ್ನು ಪಕ್ಕದಲ್ಲಿ ನಿಲ್ಲಿಸಿದರು.

ಮೇಡಂ ಫೋನು ಕೆಳಗಿಟ್ಟರು. ಎದ್ದು ಎರಡು ಹೆಜ್ಜೆ ಮುಂದೆ ಬಂದರು. ತಮಗೇ ಗೊತ್ತಿಲ್ಲದೆ ಅವರ ಮುಖವೂ ಒಂದಿಷ್ಟು ಎಡಕ್ಕೆ ತಿರುಗಿತು, ಗುಬ್ಬಿಯ ಹಾಗೆ.

"ಇವಳನ್ನ ನಾನು ಎಲ್ಲೋ ನೋಡಿದೀನಿ," ಎಂದರು.

ಆಟಿಕೆಯವರು ಕೆಮ್ಮಿದರು. "ಮೇಡಂ, ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಮಕ್ಕಳು ಬೊಂಬೆ ಕನ್ನಡಕ ತೆಗೀತಾರೆ, ಹಾಕ್ತಾರೆ, ತಲೆಕೆಳಗೂ ಹಾಕ್ತಾರೆ. ಹೆಂಗೆ ಹಾಕಿದ್ರೂ ಕೂರಬೇಕು. ಇವಳ ಮೇಲೆ ಕೂರಲ್ಲ."

"ಕೀಲು ಹಾಕೋದಕ್ಕೆ ಎಷ್ಟು ದಿನ ಹೆಚ್ಚಾಗುತ್ತೆ?" ಎಂದು ಮೇಡಂ ಕೇಳಿದರು.

ಕೀಲಕ್ಕ ಚಾಳೀಸುವಿನ ಕಡೆ ನೋಡಿದಳು. ಸುಳ್ಳು ಹೇಳಬಹುದಿತ್ತು. "ಮೂರು ವಾರ," ಎಂದಳು ನೆಲ ನೋಡುತ್ತ.

ಮೇಡಂ ಇನ್ನೊಂದು ಗಳಿಗೆ ನಿಂತರು. "ಅಷ್ಟು ಸಮಯ ನಮ್ಮ ಹತ್ರ ಇಲ್ಲ. ಮೊದಲನೇದೇ ಇರಲಿ," ಎಂದರು. ಹೇಳಿದ ಮೇಲೆ ಎರಡನೆಯವಳ ಕಡೆ ಮತ್ತೆ ತಿರುಗಲಿಲ್ಲ. ಫೋನು, ಚೀಲ ಎತ್ತಿಕೊಂಡು ಆಟಿಕೆಯವರ ಜೊತೆ ಹೊರಟುಹೋದರು.

ಅಷ್ಟೇ. ಎರಡು ದಿನ, ಒಂದು ಜೀವ, ಹತ್ತು ನಿಮಿಷ. ಗೋಡೆಯ ಮೇಲೆ ಎರಡು ತಲೆಗಳೂ ಇನ್ನೂ ಹಾಗೇ ಇದ್ದವು. ಯಾರಿಗೂ ಆರಿಸಬೇಕೆಂದು ತೋಚಲಿಲ್ಲ.

"ಏನೋ ಚಾಳೀಸು," ಎಂದರು ಮೇಷ್ಟ್ರು, ಎಲ್ಲರಿಗೂ ಕೇಳುವ ಹಾಗೆ. ಗೆದ್ದ ಖುಷಿಯಲ್ಲಿ ದನಿ ಮೆತ್ತಗಾಗಿತ್ತು. "ಈಗಲಾದ್ರೂ ಗೊತ್ತಾಯ್ತಾ? ಕನ್ನಡಕದ ಅಂಗಡಿ ಬೇರೆ, ಇದು ಬೇರೆ." ತೋರುಬೆರಳಿನಿಂದ ಕನ್ನಡಕ ಮೇಲೆ ತಳ್ಳಿದರು. ಅದು ಮತ್ತೆ ಜಾರಿತು.

ಚಾಳೀಸು ಗೋಡೆ ಬಿಟ್ಟು ಮುಂದೆ ನಡೆದ. ಸಾಲುಗಳ ನಡುವೆ ಜನ ದಾರಿ ಬಿಟ್ಟರು. ಅವನ ಸಿಟ್ಟು ಎಲ್ಲರಿಗೂ ಗೊತ್ತಿದ್ದದ್ದೇ. ಮೇಷ್ಟ್ರ ಎದುರು ನಿಂತು ಎರಡೂ ಕೈ ಎತ್ತಿದಾಗ ಅವರು ಬೆಚ್ಚಿ ಹಿಂದೆ ಸರಿದರು, ಯಾರೋ "ಏಯ್!" ಎಂದು ಕೂಗಿದರು.

ಅವನು ಅವರ ಕನ್ನಡಕ ತೆಗೆದ.

ಗೋಡೆಗೆ ಬೆಳಕು ಬಿಡುತ್ತಿದ್ದ ಪ್ರೊಜೆಕ್ಟರಿನ ಪಕ್ಕದಿಂದ ಬಿಸಿಗಾಳಿ ಬರುತ್ತಿತ್ತು. ಎಡಗಡೆಯ ಕಡ್ಡಿಯನ್ನು ಅದಕ್ಕೆ ಹಿಡಿದು ಕಾಯಿಸಿದ. ಕಾದ ಕಡ್ಡಿಯನ್ನು ಹೆಬ್ಬೆರಳಿನ ಮೇಲೆ ಇಟ್ಟು ಬಗ್ಗಿಸಿದ, ಒಂದೇ ಸಲ. ಆಮೇಲೆ ಅಂಗಿಯ ತುದಿ ಎಳೆದು ಎರಡೂ ಗಾಜನ್ನು ಒರೆಸಿದ. ಅವಸರವಿಲ್ಲದೆ, ಅಂಚಿನವರೆಗೆ, ಎಂಟು ವರ್ಷ ಒರೆಸಿದ ಹಾಗೆಯೇ ಒರೆಸಿದ.

ಕನ್ನಡಕವನ್ನು ಮೇಷ್ಟ್ರ ಮುಖಕ್ಕೆ ಹಾಕಿ, ಕಣ್ಣು ಮುಚ್ಚಿ, ಬೆರಳುಗಳನ್ನು ಅವರ ಕಿವಿಯ ಹಿಂದೆ ಇಟ್ಟ. ಮುಲಾಮಿನ ವಾಸನೆ ಮೂಗಿಗೆ ಬಡಿಯಿತು. ಎಡಗಿವಿ ತಗ್ಗು. ಎಡದವಡೆ ಗಟ್ಟಿ, ಹಲ್ಲು ಕಚ್ಚುವ ಮನುಷ್ಯ. ಕತ್ತು ಕಲ್ಲಿನಂತಿತ್ತು, ಎಷ್ಟೋ ವರ್ಷ ತಲೆಯನ್ನು ಒಂದೇ ಕಡೆ ವಾಲಿಸಿ ಹೊತ್ತ ಕತ್ತು.

ಕೈ ತೆಗೆದ. ಕನ್ನಡಕ ನಿಂತಿತು.

ಮೇಷ್ಟ್ರು ಕಣ್ಣು ಪಿಳುಕಿಸಿದರು. ತೋರುಬೆರಳು ಅಭ್ಯಾಸದಿಂದ ಮೇಲೆ ಬಂದು, ತಳ್ಳಲು ಏನೂ ಇಲ್ಲದೆ, ಮೂಗಿನ ಹತ್ತಿರ ಸುಮ್ಮನೆ ನಿಂತಿತು. ತಲೆ ನಿಧಾನವಾಗಿ ನೆಟ್ಟಗಾಯಿತು. ಅವರು ಗೋಡೆಯ ಕಡೆ ನೋಡಿದರು, ಮೊದಲನೆಯವಳನ್ನು ಒಮ್ಮೆ, ಎರಡನೆಯವಳನ್ನು ಬಹಳ ಹೊತ್ತು.

"ಏಯ್ ಹುಡುಗ," ಎಂದರು. ಆ ದನಿಯಲ್ಲಿ ಮೇಷ್ಟರಿಕೆ ಇರಲಿಲ್ಲ. "ಇವಳನ್ನ ಹೆಂಗೋ ಮಾಡ್ದೆ? ಯಾರ ಹತ್ರ ಕಲಿತಿದ್ದು ಇದನ್ನ?"

ಚಾಳೀಸು ಮೇಜಿನ ಮೇಲಿದ್ದ ಗುಬ್ಬಿಯನ್ನು ಎತ್ತಿಕೊಂಡ. ಕರವಸ್ತ್ರದಲ್ಲಿ ಸುತ್ತಿ, ತಗ್ಗಿನ ಕಿವಿಗೆ ಏನೂ ತಾಗದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಸಾಲುಗಳ ನಡುವೆ ಹಾದು, ಮಾವನ ಅಂಗಡಿಯ ಕಡೆಗೆ ಹೊರಟ.